ಕೇಶಸಂರಕ್ಷಣೆ ಮತ್ತು ಹಿತ್ತಲ ಮದ್ದು

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ನಮ್ಮಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ಕೈಗೆ ಸುಲಭವಾಗಿ ದೊರಕುವ ವಸ್ತುವಿನ ಬೆಲೆಯನ್ನು ಮನುಷ್ಯನು ಅರಿಯಲಾರನೆಂಬುದು ಅದರ ತಾತ್ಪರ್ಯ. ಆದರೆ ಇತ್ತೀಚಿನ ದಿನಗಳಲ್ಲಿ ಇದಕ್ಕೆ ತೀರ ವಿರುದ್ಧವಾದ ಇನ್ನೊಂದು ಭಾವನೆಯೂ ಬೆಳೆದುಬಂದಿದೆ. ಹಿತ್ತಲಲ್ಲಿ ಬೆಳೆದುದೆಲ್ಲವೂ ಮದ್ದು, ಅಂಗಡಿಯಿಂದ ತಂದುದೆಲ್ಲವೂ ವಿಷ ಎಂದು ನಂಬುವವರೂ ಉಂಟು. ಈ ಎರಡು ನಂಬಿಕೆಗಳೂ ಪರೀಕ್ಷೆಯಿಂದ ಹುಟ್ಟಿದವಲ್ಲ. ವಿದ್ಯಾರ್ಥಿಗಳಾದವರು ಯಾವುದೇ ವಸ್ತುವನ್ನು ಒಪ್ಪುವ ಮೊದಲು ಅದು ಏನು ಮಾಡುತ್ತದೆ, ಹೇಗೆ ಮಾಡುತ್ತದೆ ಎಂದು ಕೇಳಬೇಕು. ಈ ದೃಷ್ಟಿಯಿಂದ ನಾವು ಇಲ್ಲಿ ಒಣಗಿ ಒರಟಾದ, ತುದಿ ಸೀಳಿದ ಕೂದಲಿನ ಆರೈಕೆಯ ವಿಷಯವನ್ನು ವಿವೇಚಿಸಲು ಹೊರಟಿದ್ದೇವೆ.

ವಿಷಯವು ಅಲ್ಪವೆಂದು ಕೆಲವರಿಗೆ ತೋರಬಹುದು. ಆದರೆ ವಿಜ್ಞಾನದ ಪಾಠ ಮುಗಿದ ಮೇಲೆ ನಮ್ಮ ವಿದ್ಯಾರ್ಥಿನಿಯರು ಮೆಲ್ಲನೆ ಬಂದು ಕೇಳುವ ಪ್ರಶ್ನೆಗಳಲ್ಲಿ ಇದು ಮುಖ್ಯವಾದುದು. ವಿದ್ಯಾರ್ಥಿಗಳೂ ಕೇಳದೆ ಇರುವುದಿಲ್ಲ. ಕೂದಲು ಬಾಚಣಿಗೆಗೆ ಸಿಕ್ಕಿ ತುಂಡಾಗುತ್ತದೆ, ತೆಂಗಿನ ನಾರಿನಂತಾಗಿದೆ, ಊರಿನಲ್ಲಿದ್ದಾಗ ಹೀಗಿರಲಿಲ್ಲ ಎಂದು ಹೇಳಿಕೊಳ್ಳುವವರು ಹಲವರು. ಜಾಹೀರಾತುಗಳನ್ನು ನಂಬಿ ಮನೆಯ ಸಣ್ಣ ಆದಾಯದಲ್ಲಿ ಒಂದು ಪಾಲನ್ನು ಇದಕ್ಕಾಗಿ ವ್ಯಯಮಾಡುವವರೂ ಇದ್ದಾರೆ. ಆದುದರಿಂದ ಕೂದಲೆಂದರೇನು ಎಂಬಲ್ಲಿಂದಲೇ ಪ್ರಾರಂಭಿಸೋಣ.

ಕೂದಲಿನ ರಚನೆ

ನಮ್ಮ ತಲೆಯ ಮೇಲೆ ಸುಮಾರು ಒಂದು ಲಕ್ಷ ಕೂದಲುಗಳಿವೆ. ಪ್ರತಿಯೊಂದು ಕೂದಲಿಗೂ ಚರ್ಮದೊಳಗೆ ಒಂದು ಬೇರು ಉಂಟು. ಈ ಬೇರಿಗೆ ರಕ್ತದ ಮೂಲಕ ಆಹಾರ ಬರುತ್ತದೆ. ಜೀವಕೋಶಗಳು ಅಲ್ಲಿ ಬೆಳೆದು, ಒಂದನ್ನೊಂದು ಮೇಲಕ್ಕೆ ತಳ್ಳುತ್ತ, ಕೆರಾಟಿನ್ ಎಂಬ ಪ್ರೋಟೀನಿನಿಂದ ತುಂಬಿ ಗಟ್ಟಿಯಾಗುತ್ತವೆ. ಚರ್ಮದಿಂದ ಹೊರಕ್ಕೆ ಬರುವ ವೇಳೆಗೆ ಅವುಗಳ ಜೀವ ಹೋಗಿರುತ್ತದೆ. ನಾವು ಕೈಯಿಂದ ಮುಟ್ಟುವ ಕೂದಲು ಉಗುರಿನಂತೆಯೇ ನಿರ್ಜೀವವಾದ ಎಳೆ. ಕತ್ತರಿಸಿದರೆ ನೋವಾಗದಿರುವುದಕ್ಕೆ ಕಾರಣವೂ ಇದೇ.

ಒಂದು ಕೂದಲನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರೆ ಅದರ ಹೊರಮೈಯಲ್ಲಿ ಚಿಕ್ಕ ಚಿಕ್ಕ ಪೊರೆಗಳು ಒಂದರ ಮೇಲೊಂದು ಹೊದಿಸಿದಂತೆ ಕಾಣುತ್ತವೆ. ಕರಾವಳಿಯ ಮನೆಗಳ ಮಾಡಿನ ಮೇಲೆ ಮಂಗಳೂರು ಹೆಂಚುಗಳನ್ನು ಹೊದಿಸುವ ಕ್ರಮವನ್ನು ಬಲ್ಲವರಿಗೆ ಇದು ಸುಲಭವಾಗಿ ಅರ್ಥವಾಗುವುದು. ಹೆಂಚುಗಳ ಬಾಯಿ ಕೂದಲಿನ ತುದಿಯ ಕಡೆಗಿರುತ್ತದೆ. ಈ ಹೊರಪೊರೆಯ ಒಳಗೆ ಕೂದಲಿನ ಮುಖ್ಯಭಾಗವಾದ ನಡುಪದರವಿದೆ. ಬಲವೂ ಬಣ್ಣವೂ ಇರುವುದು ಇಲ್ಲಿಯೇ. ದಪ್ಪ ಕೂದಲುಗಳಲ್ಲಿ ಎಲ್ಲಕ್ಕಿಂತ ಒಳಗೆ ತೆಳುವಾದ ತಿರುಳೂ ಇರುವುದುಂಟು. ಹೊರಪೊರೆಯ ಮೇಲೆ ಕೊಬ್ಬಿನ ಅತಿ ತೆಳುವಾದ ಲೇಪವೊಂದು ಹುಟ್ಟಿನಿಂದಲೇ ಇದ್ದು, ಹೊಸ ಕೂದಲಿನ ನುಣುಪಿಗೂ ಹೊಳಪಿಗೂ ಕಾರಣವಾಗಿದೆ.

ಹೆಂಚುಗಳು ಸರಿಯಾಗಿ ಒರಗಿ ಕುಳಿತಿದ್ದರೆ ಬೆಳಕು ಅವುಗಳ ಮೇಲೆ ಬಿದ್ದು ಹೊಳೆಯುತ್ತದೆ, ಬಾಚಣಿಗೆ ತಡೆಯಿಲ್ಲದೆ ಜಾರುತ್ತದೆ. ಹೆಂಚುಗಳು ಎದ್ದರೆ ಒಂದು ಕೂದಲು ಇನ್ನೊಂದಕ್ಕೆ ಸಿಕ್ಕಿಕೊಳ್ಳುತ್ತದೆ. ಹೆಂಚುಗಳೇ ಕಿತ್ತುಹೋದರೆ ಒಳಗಿನ ನಾರುಗಳು ಬಿಚ್ಚಿ ತುದಿ ಎರಡಾಗಿ ಸೀಳುತ್ತದೆ. ಒಣ ಕೂದಲು, ಹಾಳಾದ ಕೂದಲು ಎಂದು ನಾವು ಹೇಳುವುದು ಈ ಸ್ಥಿತಿಯನ್ನೇ.

ಇಲ್ಲಿ ಒಂದು ಲೆಕ್ಕವನ್ನು ಗಮನಿಸಬೇಕು. ಕೂದಲು ತಿಂಗಳಿಗೆ ಸುಮಾರು ೧ ಸೆಂಟಿಮೀಟರಿನಷ್ಟು ಬೆಳೆಯುತ್ತದೆ. ಹಾಗಾದರೆ ೬೦ ಸೆಂಟಿಮೀಟರು ಉದ್ದದ ಜಡೆಯ ತುದಿಗೆ ಐದು ವರ್ಷ ವಯಸ್ಸಾಗಿದೆ. ಒಂಬತ್ತನೆಯ ತರಗತಿಯ ವಿದ್ಯಾರ್ಥಿನಿಯ ಜಡೆಯ ತುದಿ, ಅವಳು ನಾಲ್ಕನೆಯ ತರಗತಿಯಲ್ಲಿದ್ದಾಗ ಬೇರಿನ ಬಳಿಯಲ್ಲಿತ್ತು. ವಾರಕ್ಕೆ ಎರಡು ಸಲದಂತೆ ಅದು ಐನೂರಕ್ಕೂ ಹೆಚ್ಚು ತಲೆಸ್ನಾನಗಳನ್ನು ಕಂಡಿದೆ. ಬಿಸಿಲು, ಬಾಚಣಿಗೆ, ಟುವಾಲು ಇವುಗಳ ಲೆಕ್ಕ ಬೇರೆ. ನಿರ್ಜೀವವಾದ ಎಳೆ ತನ್ನ ಗಾಯವನ್ನು ತಾನೇ ಮಾಯಿಸಿಕೊಳ್ಳಲಾರದು. ಸೀಳಿದ ತುದಿಯನ್ನು ಮತ್ತೆ ಕೂಡಿಸುವ ಎಣ್ಣೆಯಾಗಲಿ ಸೊಪ್ಪಾಗಲಿ ಸೀಸೆಯಾಗಲಿ ಇಲ್ಲ. ಅದಕ್ಕೆ ಕತ್ತರಿಯೊಂದೇ ಮದ್ದು. ಆದುದರಿಂದ ಕೂದಲಿನ ಆರೈಕೆಯೆಂದರೆ ಮುಖ್ಯವಾಗಿ ಎರಡು ಕೆಲಸಗಳು: ಹೊರಗಿರುವ ಎಳೆಯನ್ನು ಸವೆಯದಂತೆ ಕಾಪಾಡುವುದು, ಒಳಗಿರುವ ಬೇರಿಗೆ ತಕ್ಕ ಆಹಾರವನ್ನು ಒದಗಿಸುವುದು. ಇವೆರಡನ್ನೂ ಬೇರೆ ಬೇರೆಯಾಗಿ ನೋಡುವುದೇ ಉಚಿತ.

ಮುಂಬಯಿಯಲ್ಲಿ ಕೂದಲು ಒರಟಾಗುವುದೇಕೆ?

ಊರಿನಿಂದ ಮುಂಬಯಿಗೆ ಬಂದವರೆಲ್ಲರೂ ಮೊದಲು ದೂರುವುದು ಇಲ್ಲಿಯ ನೀರನ್ನು. ಈ ದೂರು ಎಲ್ಲೆಡೆಯೂ ನಿಜವಲ್ಲ. ಮಹಾನಗರಪಾಲಿಕೆಯ ನಲ್ಲಿಗಳಿಗೆ ಬರುವುದು ವಿಹಾರ್, ತುಳಸಿ, ತಾನ್ಸಾ, ಮೋಡಕ್ ಸಾಗರ, ಊರ್ಧ್ವ ವೈತರಣಾ, ಮಧ್ಯ ವೈತರಣಾ, ಭಾತ್ಸಾ ಎಂಬ ಏಳು ಜಲಾಶಯಗಳ ನೀರು. ಇವುಗಳಲ್ಲಿ ವಿಹಾರ್ ಸರೋವರವು ೧೮೬೦ರಷ್ಟು ಹಿಂದಿನದು. ಮಳೆಗಾಲದಲ್ಲಿ ಸಂಗ್ರಹವಾದ ಈ ನೀರಿನಲ್ಲಿ ಸುಣ್ಣದ ಅಂಶ ಹೆಚ್ಚಿರುವುದಿಲ್ಲ. ಆದರೆ ಉಪನಗರಗಳ ಅನೇಕ ಕಟ್ಟಡಗಳಲ್ಲಿಯೂ ಗುಡ್ಡದ ಮೇಲಿನ ವಸತಿಗಳಲ್ಲಿಯೂ ನಲ್ಲಿಯ ನೀರು ಸಾಲದೆ ಕೊಳವೆಬಾವಿಯ ನೀರನ್ನೋ ಟ್ಯಾಂಕರಿನ ನೀರನ್ನೋ ಬಳಸುತ್ತಾರೆ. ನೆಲದೊಳಗಿನ ನೀರಿನಲ್ಲಿ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಕರಗಿರುವುದರಿಂದ ಅದು ಬಹುಮಟ್ಟಿಗೆ ಗಡಸು ನೀರಾಗಿರುತ್ತದೆ. ಇಂಥ ನೀರಿನಲ್ಲಿ ಸಾಬೂನು ನೊರೆಗಟ್ಟದೆ ಬಿಳಿಯ ಗಸಿಯಾಗಿ ಒಡೆಯುತ್ತದೆ. ಆ ಗಸಿ ಕೂದಲಿಗೆ ಅಂಟಿ, ಒಣಗಿದ ಮೇಲೆ ಒರಟುತನವನ್ನು ಉಂಟುಮಾಡುತ್ತದೆ.

ನಿಮ್ಮ ಮನೆಯ ನೀರು ಯಾವ ತರಹದ್ದೆಂದು ತಿಳಿಯಲು ದೊಡ್ಡ ಪ್ರಯೋಗಶಾಲೆ ಬೇಕಿಲ್ಲ. ಒಂದು ಸೀಸೆಯಲ್ಲಿ ಅರ್ಧದಷ್ಟು ಮನೆಯ ನೀರನ್ನೂ, ಇನ್ನೊಂದರಲ್ಲಿ ಅಷ್ಟೇ ಮಳೆಯ ನೀರನ್ನೂ ತೆಗೆದುಕೊಳ್ಳಿರಿ. ಎರಡಕ್ಕೂ ಬಟ್ಟೆಯ ಸಾಬೂನಿನ ಒಂದೇ ಅಳತೆಯ ತುರಿಯನ್ನು ಹಾಕಿ ಚೆನ್ನಾಗಿ ಅಲುಗಿಸಿರಿ. ಮಳೆಯ ನೀರಿನಲ್ಲಿ ದಟ್ಟವಾದ ನೊರೆ ಏಳುತ್ತದೆ. ಮನೆಯ ನೀರಿನಲ್ಲಿ ನೊರೆ ಕಡಮೆಯಾಗಿ ಮಡ್ಡಿ ಹೆಚ್ಚಾಗಿ ಕಂಡರೆ ಅದು ಗಡಸು ನೀರೆಂದು ನಿಶ್ಚಯಿಸಬಹುದು.

ಎರಡನೆಯ ಕಾರಣ ನಗರದ ಹವೆ. ಕೂದಲು ಗಾಳಿಯ ತೇವವನ್ನು ಹೀರಿ ಉಬ್ಬುತ್ತದೆ, ಒಣಹವೆಯಲ್ಲಿ ಕುಗ್ಗುತ್ತದೆ. ಈ ಗುಣವನ್ನೇ ಉಪಯೋಗಿಸಿಕೊಂಡು ಸ್ವಿಟ್ಜರ್ಲೆಂಡಿನ ಸೊಸ್ಯೂರ್ ಎಂಬ ವಿಜ್ಞಾನಿ ೧೭೮೩ರಲ್ಲಿ ಮಾನವ ಕೇಶದಿಂದಲೇ ಆರ್ದ್ರತಾಮಾಪಕವೊಂದನ್ನು ನಿರ್ಮಿಸಿದನು. ಹವಾಮಾನ ಕೇಂದ್ರಗಳಲ್ಲಿ ಇಂತಹ ಉಪಕರಣಗಳು ಬಹುಕಾಲ ಬಳಕೆಯಲ್ಲಿದ್ದವು. ಮುಂಬಯಿಯ ಮಳೆಗಾಲದ ತಿಂಗಳುಗಳಲ್ಲಿ ಗಾಳಿ ನೀರಿನಿಂದ ತುಂಬಿರುವುದರಿಂದ ಕೂದಲು ಉಬ್ಬಿ ಕೆದರುವುದು ಸಹಜ. ಪದೇ ಪದೇ ಉಬ್ಬಿ ಕುಗ್ಗುವುದರಿಂದ ಹೊರಪೊರೆ ಸಡಿಲವಾಗುತ್ತದೆ. ಇದರೊಡನೆ ಲೋಕಲ್ ಗಾಡಿಯ ಬಾಗಿಲಿನ ಬಿರುಗಾಳಿಯನ್ನೂ ರಸ್ತೆಯ ಧೂಳನ್ನೂ ಸೇರಿಸಿಕೊಳ್ಳಬೇಕು.

ಮೂರನೆಯ ಕಾರಣ ನಮ್ಮ ಅವಸರ. ಬೆಳಗಿನ ಶಾಲೆಗೆ ಹೊರಡುವ ಗಡಿಬಿಡಿಯಲ್ಲಿ ಒದ್ದೆ ಕೂದಲನ್ನು ಬಲವಾಗಿ ಬಾಚಿ ಬಿಗಿಯಾಗಿ ಎರಡು ಜಡೆ ಹಾಕಿಕೊಂಡು ಬರುವ ವಿದ್ಯಾರ್ಥಿನಿಯರನ್ನು ಮಳೆಗಾಲದಲ್ಲಿ ನಾವು ನಿತ್ಯವೂ ಕಾಣುತ್ತೇವೆ. ಕೂದಲಿನ ಒಳಗಿನ ಕೆಲವು ಬಂಧಗಳು ನೀರಿನಲ್ಲಿ ಸಡಿಲವಾಗುವುದರಿಂದ ಒದ್ದೆ ಕೂದಲು ಒಣ ಕೂದಲಿಗಿಂತ ದುರ್ಬಲ. ಎಳೆದರೆ ಅದು ಹಿಗ್ಗುತ್ತದೆ, ಮಿತಿಮೀರಿದರೆ ಹರಿಯುತ್ತದೆ. ಸಾಯಂಕಾಲದವರೆಗೂ ಜಡೆಯೊಳಗೆ ತೇವ ನಿಂತರೆ ದುರ್ವಾಸನೆಯೂ ಬರುತ್ತದೆ. ಬಿಸಿ ಕಬ್ಬಿಣದಿಂದ ಕೂದಲನ್ನು ನೇರವಾಗಿಸುವ ರೂಢಿ ಇದಕ್ಕಿಂತ ಕೆಟ್ಟದು. ಒದ್ದೆ ಕೂದಲಿಗೆ ಅದನ್ನು ತಾಗಿಸಿದರೆ ಒಳಗಿನ ನೀರು ಕುದಿದು ಆವಿಯಾಗಿ ಎಳೆಯಲ್ಲಿ ಗುಳ್ಳೆಗಳೇಳುತ್ತವೆ.

ಸೀಗೆ, ಅಂಟುವಾಳ ಮತ್ತು ಸಾಬೂನು

ಶಾಂಪೂ ಎಂಬ ಮಾತು ಪರದೇಶದ್ದೆಂದು ಬಹುಜನರ ಗ್ರಹಿಕೆ. ವಾಸ್ತವವಾಗಿ ಅದು ಒತ್ತುವುದು, ತಿಕ್ಕುವುದು ಎಂಬರ್ಥದ ಹಿಂದಿಯ ಚಾಂಪನಾ ಎಂಬ ಧಾತುವಿನಿಂದ ಹೊರಟ ಶಬ್ದ. ೧೭೫೯ರಲ್ಲಿ ಪಾಟ್ನಾದಲ್ಲಿ ಹುಟ್ಟಿದ ಶೇಖ್ ದೀನ್ ಮಹಮ್ಮದನೆಂಬವನು ೧೯ನೆಯ ಶತಮಾನದ ಆದಿಭಾಗದಲ್ಲಿ ಇಂಗ್ಲೆಂಡಿನ ಬ್ರೈಟನ್ ಪಟ್ಟಣದಲ್ಲಿ ಸ್ನಾನಗೃಹವನ್ನು ತೆರೆದು, ಅಂಗಮರ್ದನದ ಈ ಕಲೆಯನ್ನು ಅಲ್ಲಿಯ ಜನರಲ್ಲಿ ಪ್ರಸಿದ್ಧಿಗೆ ತಂದನು. ಮೈ ತಿಕ್ಕುವುದೆಂಬ ಅರ್ಥ ಕ್ರಮೇಣ ತಲೆ ತೊಳೆಯುವುದೆಂದು ಬದಲಾಯಿತು. ಹೆಸರಿನಂತೆ ವಸ್ತುವಿನ ತತ್ತ್ವವೂ ನಮಗೆ ಹೊಸದಲ್ಲ.

ನಮ್ಮ ನಾಡಿನಲ್ಲಿ ತಲೆ ತೊಳೆಯಲು ಬಳಸಿದ ವಸ್ತುಗಳು ಹಲವು. ಘಟ್ಟದ ಮೆಳೆಗಳಲ್ಲಿ ಮುಳ್ಳುಬಳ್ಳಿಯಾಗಿ ಹಬ್ಬುವ ಸೀಗೆಯ ಕಾಯಿ ಎಲ್ಲಕ್ಕಿಂತ ಪ್ರಸಿದ್ಧವಾದುದು. ಅಂಟುವಾಳದ ಕಾಯಿಯ ಸಿಪ್ಪೆ ಇನ್ನೊಂದು. ಕರಾವಳಿಯಲ್ಲಿ ದಾಸವಾಳದ ಸೊಪ್ಪನ್ನು ನೀರಿನಲ್ಲಿ ಕಿವುಚಿ ತೆಗೆದ ಲೋಳೆಯಿಂದ ತಲೆ ತೊಳೆಯುವ ವಾಡಿಕೆ ಉಂಟು. ಆ ಸೀಮೆಯವರು ಇದನ್ನು ಗೊಂಪು ಎನ್ನುತ್ತಾರೆ. ಮಾಟುಂಗಾದ ಪೇಟೆಯಲ್ಲಿ ಹೂವಿನ ಅಂಗಡಿಗಳ ಆಸುಪಾಸಿನ ದಿನಸಿ ಅಂಗಡಿಗಳಲ್ಲಿ ಸೀಗೆಯೂ ಅಂಟುವಾಳವೂ ಇಂದಿಗೂ ದೊರೆಯುತ್ತವೆ.

ಸೀಗೆಯ ಕಾಯಿಯಲ್ಲಿಯೂ ಅಂಟುವಾಳದ ಸಿಪ್ಪೆಯಲ್ಲಿಯೂ ಸಪೋನಿನ್ ಎಂಬ ದ್ರವ್ಯಗಳಿವೆ. ಇವುಗಳ ಅಣುವಿನ ಒಂದು ಭಾಗ ನೀರಿಗೆ ಒಲಿಯುತ್ತದೆ, ಇನ್ನೊಂದು ಭಾಗ ಜಿಡ್ಡಿಗೆ ಒಲಿಯುತ್ತದೆ. ಹೀಗಾಗಿ ಜಿಡ್ಡನ್ನು ಹಿಡಿದು ನೀರಿನೊಡನೆ ಕೊಚ್ಚಿಕೊಂಡು ಹೋಗುತ್ತವೆ. ಸಾಬೂನಿನ ಕೆಲಸವೂ ಇದೇ ರೀತಿಯದು. ಆದರೆ ಎರಡು ವ್ಯತ್ಯಾಸಗಳುಂಟು. ಮೊದಲನೆಯದು, ಸಪೋನಿನ್‌ಗಳು ಗಡಸು ನೀರಿನಲ್ಲಿ ಸಾಬೂನಿನಂತೆ ಬಿಳಿಯ ಗಸಿಯಾಗಿ ಒಡೆಯುವುದಿಲ್ಲ. ಆದುದರಿಂದ ಟ್ಯಾಂಕರಿನ ನೀರನ್ನು ಬಳಸುವ ಮನೆಗಳಿಗೆ ಸೀಗೆ ಹೆಚ್ಚು ಹೊಂದುತ್ತದೆ. ಎರಡನೆಯದು, ಸಾಬೂನು ಕ್ಷಾರ, ಸೀಗೆಯ ನೀರು ಮೃದುವಾದ ಆಮ್ಲ. ಕ್ಷಾರದಲ್ಲಿ ಕೂದಲು ಉಬ್ಬಿ ಹೊರಪೊರೆಯ ಹೆಂಚುಗಳು ಏಳುತ್ತವೆ. ಮೃದುವಾದ ಆಮ್ಲದಲ್ಲಿ ಅವು ಒರಗಿ ಕೂರುತ್ತವೆ.

ಇದನ್ನೂ ನೀವು ಪರೀಕ್ಷಿಸಿ ನೋಡಬಹುದು. ಕಾಗದದ ತುಂಡುಗಳಿಗೆ ಅರಿಸಿನದ ನೀರನ್ನು ಬಳಿದು ಒಣಗಿಸಿರಿ. ಒಂದರ ಮೇಲೆ ಸಾಬೂನಿನ ನೀರಿನ ಹನಿಯನ್ನು ಹಾಕಿದರೆ ಕೆಂಪಾಗುತ್ತದೆ. ಸೋಸಿದ ಸೀಗೆಯ ನೀರನ್ನು ಹಾಕಿದರೆ ಈ ಕೆಂಪು ಬರುವುದಿಲ್ಲ. ಕೆಂಪು ದಾಸವಾಳದ ಎಸಳುಗಳನ್ನು ಬಿಸಿನೀರಿನಲ್ಲಿ ನೆನೆಸಿ ತೆಗೆದ ರಸವೂ ಇಂತಹ ಸೂಚಕವೇ. ಅದು ಆಮ್ಲದಲ್ಲಿ ಕಡುಗುಲಾಬಿಯಾಗಿಯೂ ಕ್ಷಾರದಲ್ಲಿ ಹಸುರಾಗಿಯೂ ತಿರುಗುತ್ತದೆ. ಸೀಗೆಯ ಚಿತ್ರವನ್ನು ಹೊದಿಕೆಯ ಮೇಲೆ ಮುದ್ರಿಸಿದ ಸಾಬೂನಿನ ಬಿಲ್ಲೆಯೊಂದು ದೊರೆತರೆ ಅದನ್ನೂ ಅರಿಸಿನದ ಕಾಗದದ ಮೇಲೆ ಪರೀಕ್ಷಿಸಿರಿ. ಸಾಬೂನಿಗೆ ಸೀಗೆಯನ್ನು ಬೆರೆಸಿದರೂ ಅದು ಸಾಬೂನೇ ಎಂಬುದು ಅದರ ಕೆಂಪಿನಿಂದ ತಿಳಿಯುವುದು. ಸೀಸೆಯ ಶಾಂಪೂಗಳಲ್ಲಿ ಬಹುಪಾಲು ಕಾಗದವನ್ನು ಕೆಂಪಾಗಿಸುವುದಿಲ್ಲ; ಮೈಯ ಸಾಬೂನಿನಿಂದ ತಲೆ ತೊಳೆಯುವುದಕ್ಕಿಂತ ಅವು ಮೇಲು ಎಂದು ಒಪ್ಪಬೇಕು.

ಸೀಗೆಗೂ ದೋಷಗಳಿಲ್ಲವೆಂದಲ್ಲ. ನುಣ್ಣಗಿಲ್ಲದ ಪುಡಿಯನ್ನು ಕೂದಲಿಗೆ ಹಾಕಿ ತಿಕ್ಕಿದರೆ ಅದರ ಕಣಗಳೇ ಹೊರಪೊರೆಯನ್ನು ಉಜ್ಜುತ್ತವೆ. ಹೆಚ್ಚು ಬಳಸಿದರೆ ಇದ್ದ ಜಿಡ್ಡೂ ಹೋಗಿ ಕೂದಲು ಮತ್ತಷ್ಟು ಒಣಗುತ್ತದೆ. ಸೀಗೆಯಾಗಲಿ ಅಂಟುವಾಳವಾಗಲಿ ಕಣ್ಣಿಗೆ ಬಿದ್ದರೆ ಬಹಳ ಉರಿ. ಆದುದರಿಂದ ನಾಲ್ಕಾರು ಕಾಯಿಗಳನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಕುದಿಸಿ, ಆರಿದ ಮೇಲೆ ಕಿವುಚಿ, ಬಟ್ಟೆಯಲ್ಲಿ ಸೋಸಿ ಆ ನೀರನ್ನು ಮಾತ್ರ ಬಳಸುವುದು ಒಳ್ಳೆಯದು.

ಕೊಬ್ಬರಿ ಎಣ್ಣೆ: ಮುಂಬಯಿಯಲ್ಲಿ ನಡೆದ ಒಂದು ಪರೀಕ್ಷೆ

ತಲೆಗೆ ಎಣ್ಣೆ ಹಚ್ಚುವ ಪದ್ಧತಿ ನಮ್ಮಲ್ಲಿ ಪ್ರಾಚೀನವಾದುದು. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಅದರ ವಿಧಾನವಿದೆ. ಯುಗಾದಿಯ ದಿನವೂ ನರಕಚತುರ್ದಶಿಯ ದಿನವೂ ಅಭ್ಯಂಜನವಿಲ್ಲದೆ ನಮ್ಮ ಹಬ್ಬ ನಡೆಯುವುದಿಲ್ಲ. ಆದರೆ ಯಾವ ಎಣ್ಣೆ ಎಂಬುದು ಸೀಮೆಯಿಂದ ಸೀಮೆಗೆ ಬೇರೆ. ನಾವು ಘಟ್ಟದ ಮೇಲಿನ ಜೋಳದ ನಾಡಿನಿಂದ ಬಂದವರು. ಅಲ್ಲಿ ಕುಸುಬೆ, ಶೇಂಗಾ, ಔಡಲಗಳ ಎಣ್ಣೆ ಬಳಕೆಯಲ್ಲಿತ್ತು. ಉಡುಪಿ ಮಂಗಳೂರಿನವರು ಕೊಬ್ಬರಿ ಎಣ್ಣೆಯನ್ನಲ್ಲದೆ ಬೇರೊಂದನ್ನು ತಲೆಗೆ ಮುಟ್ಟಿಸುವವರಲ್ಲ. ಈ ಎರಡು ಪಂಗಡದ ಮಕ್ಕಳೂ ಒಂದೇ ಬೆಂಚಿನ ಮೇಲೆ ಕೂರುವ ಮುಂಬಯಿಯ ಕನ್ನಡ ಶಾಲೆಯಲ್ಲಿ ಯಾವ ಎಣ್ಣೆ ಮೇಲು ಎಂಬ ವಾದ ಆಗಾಗ ನಡೆಯುವುದುಂಟು.

ಈ ವಾದಕ್ಕೆ ಉತ್ತರ ಕೊಡಬಲ್ಲ ಪರೀಕ್ಷೆ ನಡೆದುದು ಇದೇ ಮುಂಬಯಿಯಲ್ಲಿ. ಮ್ಯಾರಿಕೋ ಸಂಸ್ಥೆಯ ಸಂಶೋಧನಾ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದ ಆರತಿ ರೇಲೆ ಮತ್ತು ಆರ್. ಬಿ. ಮೊಹಿಲೆ ಎಂಬ ವಿಜ್ಞಾನಿಗಳು ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಖನಿಜ ತೈಲ ಈ ಮೂರನ್ನೂ ಕೂದಲಿನ ಮೇಲೆ ಹೋಲಿಸಿ ನೋಡಿ, ತಮ್ಮ ಫಲಿತಾಂಶವನ್ನು ೨೦೦೩ರಲ್ಲಿ ಪ್ರಸಾಧನ ವಿಜ್ಞಾನದ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ತೊಳೆಯುವಾಗ, ಬಾಚುವಾಗ ಕೂದಲಿನಿಂದ ಪ್ರೋಟೀನು ಸ್ವಲ್ಪ ಸ್ವಲ್ಪವಾಗಿ ಕಳೆದುಹೋಗುತ್ತದೆ. ಅವರು ಅಳೆದುದು ಈ ನಷ್ಟವನ್ನು. ಆರೋಗ್ಯವಾಗಿದ್ದ ಕೂದಲಿನಲ್ಲಿಯೂ ಹಾಳಾಗಿದ್ದ ಕೂದಲಿನಲ್ಲಿಯೂ, ತೊಳೆಯುವ ಮೊದಲು ಹಚ್ಚಿದರೂ ಅನಂತರ ಹಚ್ಚಿದರೂ, ನಷ್ಟವನ್ನು ಗಮನಾರ್ಹವಾಗಿ ತಗ್ಗಿಸಿದುದು ಕೊಬ್ಬರಿ ಎಣ್ಣೆಯೊಂದೇ. ಉಳಿದೆರಡು ತಗ್ಗಿಸಲಿಲ್ಲ.

ಇದಕ್ಕೆ ಅವರು ಕೊಟ್ಟ ಕಾರಣ ಹೀಗಿದೆ. ಕೊಬ್ಬರಿ ಎಣ್ಣೆಯ ಕೊಬ್ಬಿನಾಮ್ಲಗಳಲ್ಲಿ ಹೆಚ್ಚುಕಡಮೆ ಅರ್ಧದಷ್ಟು ಲಾರಿಕ್ ಆಮ್ಲ. ಅದರ ಅಣು ಚಿಕ್ಕದು, ನೇರವಾದ ಸರಪಳಿಯಂತಹುದು, ಪ್ರೋಟೀನಿಗೆ ಒಲಿಯುವಂತಹುದು. ಆದುದರಿಂದ ಅದು ಕೂದಲಿನ ಒಳಕ್ಕೆ ಇಳಿಯಬಲ್ಲುದು. ಸೂರ್ಯಕಾಂತಿ ಎಣ್ಣೆಯ ಅಣು ದೊಡ್ಡದಾಗಿ ಬಾಗಿರುವುದರಿಂದ ಒಳಗೆ ನುಗ್ಗಲಾರದು. ಖನಿಜ ತೈಲಕ್ಕೆ ಪ್ರೋಟೀನಿನ ಮೇಲೆ ಒಲವಿಲ್ಲ. ಒಳಗೆ ಇಳಿದ ಎಣ್ಣೆ ನೀರು ನುಗ್ಗಿ ಕೂದಲು ಉಬ್ಬುವುದನ್ನು ತಡೆಯುತ್ತದೆ. ನಮ್ಮ ಕುಸುಬೆ ಎಣ್ಣೆ ಸ್ವಭಾವದಲ್ಲಿ ಸೂರ್ಯಕಾಂತಿಯ ಬಂಧು. ಅದು ಮೇಲೆ ಲೇಪವಾಗಿ ಕುಳಿತು ಬಾಚಣಿಗೆಯನ್ನು ಜಾರಿಸುತ್ತದೆ. ಅಷ್ಟೂ ಉಪಕಾರವೇ ಸರಿ. ಆದರೆ ಒಣ ಕೂದಲಿನ ಮಟ್ಟಿಗೆ ಕರಾವಳಿಯವರ ವಾದವೇ ಗೆದ್ದಿತೆಂದು ನಾವು ಸಂತೋಷದಿಂದ ಒಪ್ಪುತ್ತೇವೆ.

ಜಾಣ ವಿದ್ಯಾರ್ಥಿಯು ಇಲ್ಲಿ ಒಂದು ಪ್ರಶ್ನೆಯನ್ನು ಎತ್ತಬೇಕು. ಈ ಸಂಸ್ಥೆ ಕೊಬ್ಬರಿ ಎಣ್ಣೆಯನ್ನು ಮಾರುವಂತಹುದಲ್ಲವೇ? ಹೌದು. ಮಾರುವವನೇ ಮಾಡಿಸಿದ ಪರೀಕ್ಷೆಯನ್ನು ಎಚ್ಚರಿಕೆಯಿಂದ ಓದಬೇಕಾದುದು ಸರಿಯೇ. ಆದರೆ ಅಳತೆಯ ವಿಧಾನವನ್ನು ಅವರು ಬಹಿರಂಗವಾಗಿ ಬರೆದಿದ್ದಾರೆ. ಅಲ್ಲದೆ, ಕೊಬ್ಬರಿ ಎಣ್ಣೆ ಕೂದಲಿನೊಳಕ್ಕೆ ಇಳಿಯುವುದನ್ನೂ ಖನಿಜ ತೈಲ ಇಳಿಯದಿರುವುದನ್ನೂ ಅಮೆರಿಕೆಯ ಪ್ರಿನ್ಸ್‌ಟನ್ನಿನ ಸಂಶೋಧನ ಕೇಂದ್ರವೊಂದರ ವಿಜ್ಞಾನಿಗಳು ಇವರೊಡನೆ ಕೂಡಿ ೨೦೦೧ರಲ್ಲಿ ಬೇರೊಂದು ಉಪಕರಣದಿಂದ ಕಂಡಿದ್ದರು. ಜಾಹೀರಾತಿಗೂ ವಿಜ್ಞಾನಕ್ಕೂ ಇರುವ ಭೇದ ಇದೇ. ಜಾಹೀರಾತು ನಂಬೆಂದು ಹೇಳುತ್ತದೆ. ವಿಜ್ಞಾನವು ಬೇಕಾದರೆ ನೀನೂ ಅಳೆದುನೋಡು ಎಂದು ಹೇಳುತ್ತದೆ.

ಈ ಎಣ್ಣೆ ಹೊಸ ಕೂದಲನ್ನು ಬೆಳೆಸುತ್ತದೆಂದಾಗಲಿ ನರೆಯನ್ನು ಕಪ್ಪಾಗಿಸುತ್ತದೆಂದಾಗಲಿ ಮೇಲಿನ ಪರೀಕ್ಷೆಯಲ್ಲಿ ಎಲ್ಲಿಯೂ ಸಿದ್ಧವಾಗಿಲ್ಲ. ಇರುವ ಎಳೆಯನ್ನು ಅದು ಕಾಪಾಡುತ್ತದೆ, ಅಷ್ಟೇ. ತಲೆಹೊಟ್ಟು ಇದ್ದವರು ಬುಡಕ್ಕೆ ಎಣ್ಣೆ ಸುರಿದುಕೊಳ್ಳಬಾರದು. ಹೊಟ್ಟಿಗೆ ಸಂಬಂಧಿಸಿದ ಸೂಕ್ಷ್ಮಜೀವಿಗೆ ಜಿಡ್ಡೇ ಆಹಾರ. ಅಂತಹವರು ಎಣ್ಣೆಯನ್ನು ಕೂದಲಿನ ನಡುವಿನಿಂದ ತುದಿಯವರೆಗೆ ಮಾತ್ರ ಸವರಿಕೊಳ್ಳಲಿ.

ಮೆಂತ್ಯ, ದಾಸವಾಳ, ಮೊಟ್ಟೆ, ನಿಂಬೆ

ತೊಳೆದ ಮೇಲೆ ಕೂದಲನ್ನು ಮೃದುವಾಗಿಸುವ ವಸ್ತುಗಳು ಬೇರೊಂದು ವರ್ಗದವು. ಮೆಂತ್ಯದ ಕಾಳನ್ನು ನೆನೆಸಿ ಅರೆದರೆ ಲೋಳೆಯಾಗುತ್ತದೆ. ದಾಸವಾಳದ ಸೊಪ್ಪಿನಲ್ಲಿಯೂ ಲೋಳೆಸರದಲ್ಲಿಯೂ ಇಂತಹುದೇ ಲೋಳೆ ಇದೆ. ಇವು ಎಳೆಯ ಮೇಲೆ ತೆಳುವಾಗಿ ಹರಡಿ ಎದ್ದ ಹೆಂಚುಗಳನ್ನು ಒರಗಿಸುತ್ತವೆ, ಬಾಚಣಿಗೆಗೆ ದಾರಿ ಮಾಡಿಕೊಡುತ್ತವೆ. ಮುಂದಿನ ಸ್ನಾನದಲ್ಲಿ ಈ ಲೇಪ ತೊಳೆದುಹೋಗುತ್ತದೆ. ಅಂಗಡಿಯಲ್ಲಿ ಮಾರುವ ಕಂಡಿಷನರ್ ಎಂಬುದರ ಕೆಲಸವೂ ಇದೇ. ಹಾಳಾದ ಕೂದಲಿನ ಮೈಯಲ್ಲಿ ಋಣ ವಿದ್ಯುದಂಶ ಹೆಚ್ಚಾಗಿರುತ್ತದೆ. ಕಂಡಿಷನರಿನಲ್ಲಿ ಧನ ವಿದ್ಯುದಂಶವುಳ್ಳ ದ್ರವ್ಯಗಳಿರುವುದರಿಂದ ಹೆಚ್ಚು ಹಾಳಾದ ಕಡೆಯಲ್ಲಿಯೇ ಅವು ಹೆಚ್ಚಾಗಿ ಅಂಟಿಕೊಳ್ಳುತ್ತವೆ. ಅದು ಚೆನ್ನಾಗಿ ಕೆಲಸಮಾಡುವ ವಸ್ತುವೇ ಹೌದು. ಕೊಳ್ಳಲು ಅನುಕೂಲವಿಲ್ಲದವರು ಮೆಂತ್ಯವನ್ನು ಅರೆದುಕೊಂಡರೆ ಕಳೆದುಕೊಳ್ಳುವುದೇನೂ ಇಲ್ಲ.

ಮೊಟ್ಟೆಯನ್ನು ಹಚ್ಚಿದರೆ ಕೂದಲಿಗೆ ಪ್ರೋಟೀನು ಸೇರುವುದೆಂದು ಕೆಲವರ ನಂಬಿಕೆ. ಮೊಟ್ಟೆಯ ಪ್ರೋಟೀನಿನ ಅಣುಗಳು ಬಹಳ ದೊಡ್ಡವು. ಅವು ಒಳಕ್ಕೆ ಇಳಿಯಲಾರವು. ಹೊರಗೆ ಪೊರೆಯಾಗಿ ಕುಳಿತುಕೊಳ್ಳುತ್ತವೆ. ಬಿಸಿನೀರು ಸುರಿದರೆ ತಲೆಯಲ್ಲಿಯೇ ಬೆಂದು ಗಂಟಾಗುತ್ತವೆ. ತಲೆಗೆ ಹಚ್ಚುವ ಮೊಟ್ಟೆಯನ್ನು ತಿಂದರೆ ಕೂದಲಿಗೆ ಹೆಚ್ಚು ಲಾಭ.

ನಿಂಬೆಯ ರಸ ತೀವ್ರವಾದ ಆಮ್ಲ. ಒಂದು ತಂಬಿಗೆ ನೀರಿಗೆ ಒಂದು ಚಿಕ್ಕ ಚಮಚದಷ್ಟು ಬೆರೆಸಿ ಕೊನೆಯಲ್ಲಿ ಸುರಿದುಕೊಂಡರೆ ಗಡಸು ನೀರಿನ ಗಸಿ ಸಡಿಲವಾಗುತ್ತದೆ. ಹಾಗೆಯೇ ಮೆತ್ತಿಕೊಂಡರೆ ಚರ್ಮ ಉರಿಯುವುದು. ಅದರ ಮೇಲೆ ಬಿಸಿಲು ಬಿದ್ದರೆ ಸುಟ್ಟಂತಹ ಕಲೆಗಳೂ ಆಗುವುದುಂಟು. ಅಡಿಗೆಯ ಸೋಡಾ ಕ್ಷಾರವಾದುದರಿಂದ ಅದನ್ನು ಕೂದಲಿಗೆ ಹಾಕಲೇಬಾರದು. ಮದುಮಗಳ ಕೈಗೆ ಹಚ್ಚುವ ಶುದ್ಧ ಮೆಹಂದಿ ಕೂದಲಿಗೆ ಕೆಂಬಣ್ಣವನ್ನು ಕೊಡುತ್ತದೆ. ಕರಿಯ ಮೆಹಂದಿಯೆಂದು ಮಾರುವುದರಲ್ಲಿ ಬಣ್ಣದ ರಾಸಾಯನಿಕಗಳು ಬೆರೆತಿರುವುದುಂಟು. ಅವುಗಳಿಂದ ಕೆಲವರಿಗೆ ಮುಖ ಊದಿಕೊಂಡು ತೀವ್ರವಾದ ತೊಂದರೆಯಾಗುತ್ತದೆ.

ವಾರದ ಕ್ರಮ

ಮೇಲೆ ಹೇಳಿದ ವಿಷಯಗಳನ್ನು ಕೂಡಿಸಿ ಒಂದು ಸರಳವಾದ ಕ್ರಮವನ್ನು ಸೂಚಿಸಬಹುದು. ವಾರಕ್ಕೆ ಎರಡು ತಲೆಸ್ನಾನ ಬಹುಮಂದಿಗೆ ಸಾಕು. ಬೆವರು ಹೆಚ್ಚಿದವರು ಮೂರು ಸಲ ಮಾಡಬಹುದು. ಶನಿವಾರ ರಾತ್ರಿ ಒಂದೆರಡು ಚಮಚ ಕೊಬ್ಬರಿ ಎಣ್ಣೆಯನ್ನು ಕೂದಲಿಗೆ ಸವರಿ ಸಡಿಲವಾದ ಜಡೆ ಹಾಕಿಕೊಳ್ಳಬೇಕು. ಭಾನುವಾರ ಬೆಳಿಗ್ಗೆ ಮೊದಲು ಬೆರಳಿನಿಂದ, ಆಮೇಲೆ ಅಗಲ ಹಲ್ಲಿನ ಬಾಚಣಿಗೆಯಿಂದ, ತುದಿಯಿಂದ ಪ್ರಾರಂಭಿಸಿ ಬುಡದ ಕಡೆಗೆ ಸಿಕ್ಕು ಬಿಡಿಸಬೇಕು. ಉಗುರುಬೆಚ್ಚಗಿನ ನೀರಿನಲ್ಲಿ ಸೋಸಿದ ಸೀಗೆಯ ನೀರಿನಿಂದಲೋ ಸ್ವಲ್ಪವೇ ಶಾಂಪೂವಿನಿಂದಲೋ ತಲೆಯ ಚರ್ಮವನ್ನು ತೊಳೆಯಬೇಕು. ಹರಿದಿಳಿಯುವ ನೊರೆ ತುದಿಗಳಿಗೆ ಸಾಕಾಗುತ್ತದೆ. ಮೆಂತ್ಯದ ಲೋಳೆಯನ್ನು ಹತ್ತು ನಿಮಿಷ ಬಿಟ್ಟು ತೊಳೆಯಬೇಕು. ಕೊನೆಯ ಎರಡು ತಂಬಿಗೆ ನಲ್ಲಿಯ ನೀರೇ ಆಗಿದ್ದರೆ ಲೇಸು. ಟುವಾಲಿನಿಂದ ಬಡಿಯದೆ, ಹಳೆಯ ಹತ್ತಿಯ ಬಟ್ಟೆಯಿಂದ ಒತ್ತಿ ನೀರು ತೆಗೆದು, ಒಣಗಿದ ಮೇಲೆ ಜಡೆ ಹಾಕಬೇಕು. ಶಾಲೆಯ ದಿನಗಳಲ್ಲಿ ತಲೆಸ್ನಾನವನ್ನು ಸಾಯಂಕಾಲಕ್ಕೆ ಇಟ್ಟುಕೊಂಡರೆ ಒದ್ದೆ ಜಡೆಯ ತೊಂದರೆಯೇ ಇರದು. ಎರಡು ಮೂರು ತಿಂಗಳಿಗೊಮ್ಮೆ ತುದಿಯನ್ನು ಬೆರಳಗಲದಷ್ಟು ಕತ್ತರಿಸಬೇಕು.

ಬೇರಿನ ಆರೈಕೆ

ಇಷ್ಟೆಲ್ಲ ಮಾಡಿದರೂ ಕೆಲವರ ಕೂದಲು ತೆಳ್ಳಗೆ, ಒಣಗಿ, ಕೆಂಚಾಗಿಯೇ ಇರುತ್ತದೆ. ಅಂತಹವರ ತೊಂದರೆ ಎಳೆಯಲ್ಲಿಲ್ಲ, ಬೇರಿನಲ್ಲಿದೆ. ಕೂದಲು ಪ್ರೋಟೀನಿನಿಂದ ಆಗಿರುವುದರಿಂದ ಆಹಾರದಲ್ಲಿ ಪ್ರೋಟೀನು ಬಹಳ ಕಡಮೆಯಾದಾಗ ಶರೀರವು ಹೃದಯ ರಕ್ತಾದಿಗಳಿಗೆ ಮೊದಲು ಕೊಟ್ಟು ಕೂದಲಿಗೆ ಕೊನೆಯಲ್ಲಿ ಕೊಡುತ್ತದೆ. ಬಿಸಿಲಿನಿಂದಲೂ ಕೂದಲು ಕೆಂಚಾಗುವುದುಂಟು, ಹುಟ್ಟಿನಿಂದಲೂ ಇರಬಹುದು. ಆದರೆ ತೀವ್ರವಾದ ಅಪೌಷ್ಟಿಕತೆಯ ಗುರುತುಗಳಲ್ಲಿ ಅದೂ ಒಂದು. ಆದುದರಿಂದ ಸಹಪಾಠಿಯ ಕೂದಲನ್ನು ನೋಡಿ ಹಾಸ್ಯ ಮಾಡುವವರು ತಾವು ಅವಳ ಮನೆಯ ತಟ್ಟೆಯನ್ನು ನೋಡಿ ಹಾಸ್ಯ ಮಾಡುತ್ತಿರಬಹುದೆಂದು ಯೋಚಿಸಬೇಕು.

ಕಬ್ಬಿಣದ ಕೊರತೆ ಇದಕ್ಕಿಂತಲೂ ವ್ಯಾಪಕ. ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ ೧೫ರಿಂದ ೧೯ ವರ್ಷದ ಹೆಣ್ಣುಮಕ್ಕಳಲ್ಲಿ ನೂರಕ್ಕೆ ೫೯ ಮಂದಿ ರಕ್ತಹೀನತೆಯುಳ್ಳವರು. ಇವರಲ್ಲಿ ಆಯಾಸ, ತಲೆಸುತ್ತು, ಪಾಠದಲ್ಲಿ ಮನಸ್ಸು ನಿಲ್ಲದಿರುವುದು ಕಾಣುವುದಲ್ಲದೆ ಕೂದಲೂ ಹೆಚ್ಚು ಉದುರಬಹುದು. ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಹತ್ತು ವರ್ಷ ಮೀರಿದ ಮಕ್ಕಳಿಗೆ ವಾರಕ್ಕೊಮ್ಮೆ ಕೊಡಬೇಕೆಂದು ನಿಯಮವಾಗಿರುವ ನೀಲಿ ಗುಳಿಗೆ ಇದಕ್ಕಾಗಿಯೇ. ಹೊಟ್ಟೆ ತೊಳಸುತ್ತದೆಂದು ಅದನ್ನು ಕಿಟಕಿಯಿಂದ ಎಸೆಯುವವರಿದ್ದಾರೆ. ಅದು ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡಂತೆಯೇ ಸರಿ. ಊಟವಾದ ಮೇಲೆ ನುಂಗಿದರೆ ಬಹುಮಂದಿಗೆ ತೊಂದರೆಯಾಗುವುದಿಲ್ಲ.

ಇದಕ್ಕೆ ಬೇಕಾದ ಆಹಾರ ನಮ್ಮ ಅಡಿಗೆಯಲ್ಲಿಯೇ ಇದೆ. ಸಜ್ಜೆಯ ರೊಟ್ಟಿ, ರಾಗಿಯ ಅಂಬಲಿ, ಶೇಂಗಾಚಟ್ನಿ, ಮೊಳಕೆ ಬಂದ ಹೆಸರು, ಹುರುಳಿ, ಹರಿವೆ ಮೆಂತ್ಯಗಳ ಸೊಪ್ಪು, ಒಗ್ಗುವವರಿಗೆ ಮೊಟ್ಟೆ ಮೀನು. ಸೊಪ್ಪಿನ ಪಲ್ಯಕ್ಕೆ ನಿಂಬೆ ಹಿಂಡಿಕೊಂಡರೆ ಅದರ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತದೆ. ಊಟದೊಡನೆ ಚಹಾ ಕುಡಿದರೆ ಹತ್ತುವುದಿಲ್ಲ. ಮುಂಬಯಿಯಲ್ಲಿ ಎಷ್ಟೋ ಮಕ್ಕಳು ಬೆಳಿಗ್ಗೆ ಚಹಾ ಮತ್ತು ಬಿಸ್ಕತ್ತಿನ ಮೇಲೆ ಶಾಲೆಗೆ ಬರುತ್ತಾರೆ. ತಾಯಿ ತಂದೆ ಇಬ್ಬರೂ ನಸುಕಿನಲ್ಲಿಯೇ ಕೆಲಸಕ್ಕೆ ಹೊರಡುವ ಮನೆಗಳಲ್ಲಿ ಬೇರೆ ಉಪಾಯವಿಲ್ಲವೆಂಬುದನ್ನು ನಾವು ಬಲ್ಲೆವು. ಅಂತಹ ಮಕ್ಕಳು ಹಿಂದಿನ ರಾತ್ರಿಯ ರೊಟ್ಟಿ ಮತ್ತು ಒಂದು ಹಿಡಿ ಹುರಿದ ಶೇಂಗಾವನ್ನಾದರೂ ಚೀಲದಲ್ಲಿ ಇಟ್ಟುಕೊಳ್ಳಲಿ.

ವೈದ್ಯರ ಬಳಿಗೆ ಯಾವಾಗ?

ದಿನಕ್ಕೆ ೫೦ರಿಂದ ೧೦೦ ಕೂದಲು ಉದುರುವುದು ಸ್ವಾಭಾವಿಕ. ಡೆಂಗಿ, ವಿಷಮಜ್ವರಗಳಂತಹ ಬಲವಾದ ಜ್ವರ ಬಂದು ಎರಡು ಮೂರು ತಿಂಗಳ ಮೇಲೆ ಕೂದಲು ರಾಶಿಯಾಗಿ ಉದುರುವುದುಂಟು. ಹೆದರಬೇಕಾಗಿಲ್ಲ, ಸಾಮಾನ್ಯವಾಗಿ ಅದು ಕೆಲವು ತಿಂಗಳುಗಳಲ್ಲಿ ಮರಳಿ ಬರುತ್ತದೆ. ಆದರೆ ತಲೆಯಲ್ಲಿ ದುಂಡಗಿನ ಬೋಳು ಕಂಡರೆ, ಹುಣ್ಣು, ಕೀವು, ಹಕ್ಕಳೆಗಳಾದರೆ, ಅಥವಾ ಕೂದಲು ಉದುರುವುದರೊಡನೆ ಬಹಳ ಆಯಾಸವಿದ್ದರೆ ಮನೆಮದ್ದಿನಲ್ಲಿ ಕಾಲ ಕಳೆಯಬಾರದು. ಕೆ.ಇ.ಎಂ., ಸಯನ್, ನಾಯರ್ ಮೊದಲಾದ ಮಹಾನಗರಪಾಲಿಕೆಯ ಆಸ್ಪತ್ರೆಗಳಲ್ಲಿ ಚರ್ಮರೋಗದ ವಿಭಾಗಗಳುಂಟು. ಅಲ್ಲಿಗೆ ಹೋಗಲು ನಾಚಿಕೆಪಡಬೇಕಾದುದೇನೂ ಇಲ್ಲ.

ಹಿತ್ತಲಿನ ಗಿಡವೂ ಅಂಗಡಿಯ ಸೀಸೆಯೂ ಒಂದೇ ಪ್ರಕೃತಿನಿಯಮಕ್ಕೆ ಒಳಪಟ್ಟಿವೆ. ಸೀಗೆ ಜಿಡ್ಡನ್ನು ತೆಗೆಯುತ್ತದೆ, ಕೊಬ್ಬರಿ ಎಣ್ಣೆ ಸವೆತವನ್ನು ತಡೆಯುತ್ತದೆ, ಮೆಂತ್ಯ ಮೇಲ್ಮೈಯನ್ನು ನುಣುಪಾಗಿಸುತ್ತದೆ. ಒಂದರ ಕೆಲಸವನ್ನು ಇನ್ನೊಂದರಿಂದ ನಿರೀಕ್ಷಿಸಬಾರದು. ಮುಂದಿನ ವರ್ಷದ ವಿಜ್ಞಾನ ಪ್ರದರ್ಶನಕ್ಕೆ ನಮ್ಮ ವಿದ್ಯಾರ್ಥಿಗಳು ತಮ್ಮ ತಮ್ಮ ಓಣಿಯ ನೀರಿನ ಗಡಸುತನವನ್ನೂ, ಪೇಟೆಯಲ್ಲಿ ದೊರೆಯುವ ಸಾಬೂನು ಶಾಂಪೂಗಳ ಕ್ಷಾರಗುಣವನ್ನೂ ಇಲ್ಲಿ ಹೇಳಿದ ಉಪಾಯಗಳಿಂದ ಪರೀಕ್ಷಿಸಿ ಪಟ್ಟಿಮಾಡಿ ತಂದರೆ ಅದನ್ನು ಈ ಪತ್ರಿಕೆಯ ಮುಂದಿನ ಸಂಚಿಕೆಯಲ್ಲಿ ಪ್ರಕಟಿಸಬೇಕೆಂಬುದು ನಮ್ಮ ಆಶಯವಾಗಿದೆ.